ಹಿಟ್ಟಿನ ಕೋಳಿಯೂ ಹಂದಿಯ ಅಂಡವೂ

ಹಂದಿಯ ಅಂಡವನ್ನು ವೀರ್ಯಾಣುವಿನ ಸಂಪರ್ಕವಿಲ್ಲದೆ ವಿದ್ಯುತ್ತಿನ ಮಿಡಿತದಿಂದ ಚೇತನಗೊಳಿಸುವ ಪ್ರಯೋಗದ ಬಗ್ಗೆ ಎರಡು ಸುಲಭದ ಉತ್ತರಗಳುಂಟು. ಎರಡೂ ಸಲ್ಲವು.

ಒಂದು, ‘ಇದು ಪ್ರಾಚೀನರಿಗೆ ತಿಳಿದಿತ್ತು’ ಎಂಬುದು. ತತ್ತ್ವಾರ್ಥಸೂತ್ರವು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ವಿಂಗಡಿಸುತ್ತದೆ. ಸಂಯೋಗವಿಲ್ಲದ ಸಮ್ಮೂರ್ಛನವನ್ನು ತೋರಿಸಿ ಹೆಮ್ಮೆಪಡುವವರು ಮುಂದಿನ ಮಾತನ್ನು ಓದಬೇಕು: ಜರಾಯುಜಗಳದು ಗರ್ಭಜನ್ಮ, ಹಂದಿ ಜರಾಯುಜ. ಪ್ರಯೋಗದ ಅಂಡವಾದರೋ ಕ್ಯಾಲ್ಸಿಯಂ ಒಳನುಗ್ಗಿದೊಡನೆ ವಿಭಜನೆಗೊಂಡರೂ, ತಂದೆಯ ವಂಶವಾಹಿಗಳ ಮುದ್ರೆಯಿಲ್ಲದ ಕಾರಣ ಮರಿಯಾಗದೆ ಅಳಿಯುತ್ತದೆ. ಪದ ಹೋಲಿದ ಮಾತ್ರಕ್ಕೆ ಪದಾರ್ಥ ಹೋಲದು.

ಎರಡು, ‘ಅದು ಪ್ರಾಣಿಯೇ ಅಲ್ಲ, ಹಿಂಸೆಯ ಮಾತೇಕೆ?’ ಎಂಬುದು. ಈ ವಾದ ಕನ್ನಡಕ್ಕೆ ಹೊಸದಲ್ಲ. 1209ರ ಯಶೋಧರ ಚರಿತೆಯಲ್ಲಿ ತಾಯಿ ಚಂದ್ರಮತಿ ಮಗನನ್ನು ಒಲಿಸುವುದು ಹಿಟ್ಟಿನ ಕೋಳಿಯ ಬಲಿಗೆ. ಹಿಟ್ಟಿಗೆ ಜೀವವಿಲ್ಲ, ಆದರೂ ತಾಯಿ ಮಗ ಭವಭವಗಳಲ್ಲಿ ಪ್ರಾಣಿಗಳಾಗಿ ತೊಳಲಿದರು. ಜನ್ನ ತೂಗಿದ್ದು ವಸ್ತುವನ್ನಲ್ಲ, ಸಂಕಲ್ಪವನ್ನು.

ಹಾಗೆಂದು ಜನ್ನನನ್ನು ವಿಜ್ಞಾನಿಯ ಮೇಲೆ ಎಸೆಯುವುದೂ ಸಲ್ಲದು. ಯಶೋಧರನ ಸಂಕಲ್ಪ ಕೊಲ್ಲುವುದು. ಸಂಶೋಧಕನದು ಅರಿಯುವುದು, ಕೆಲವೊಮ್ಮೆ ಬದುಕಿಸುವುದು. ಅಂಡಾಶಯಗಳು ಬಹುಮಟ್ಟಿಗೆ ಕಸಾಯಿಖಾನೆಯಿಂದ ಬರುತ್ತವೆ. ಆ ಹಂದಿಗಳು ಪ್ರಯೋಗಕ್ಕಾಗಿ ಸತ್ತವಲ್ಲ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ವಂಶವಾಹಿ ತಿದ್ದಿದ ಹಂದಿಯ ಹೃದಯ ಪಡೆದ ರೋಗಿ ಎರಡು ತಿಂಗಳು ಬದುಕಿದ್ದನ್ನು ತುಚ್ಛವಾಗಿ ಕಾಣಲಾಗದು.

ನಿಜವಾದ ಪ್ರಶ್ನೆ ಅಂಡದಲ್ಲಿಲ್ಲ, ಅದರಾಚೆಗಿದೆ. ತದ್ರೂಪಿ ಸೃಷ್ಟಿಯಲ್ಲಿ ಅಂಡದ ಕೋಶಕೇಂದ್ರವನ್ನು ತೆಗೆದು ಬೇರೆ ಜೀವಕೋಶವನ್ನಿಟ್ಟು ಅದೇ ಮಿಡಿತ ಕೊಡುತ್ತಾರೆ. ಭ್ರೂಣಗಳನ್ನು ಬದಲಿ ತಾಯಿಹಂದಿಯ ಗರ್ಭಕ್ಕೆ ಸೇರಿಸುತ್ತಾರೆ. 2000ದ ಮಾರ್ಚ್‌ನಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹುಟ್ಟಿದ ಐದು ಮರಿಗಳು ಜಗತ್ತಿಗೆ ಸುದ್ದಿಯಾದವು. ಈ ವಿಧಾನದಲ್ಲಿ ಇಂದಿಗೂ ಬಹುಪಾಲು ಭ್ರೂಣಗಳು ಮರಿಯಾಗುವುದಿಲ್ಲ. ಗರ್ಭ ನಿಲ್ಲದ ತಾಯಿಹಂದಿ ಹಿಟ್ಟಿನದಲ್ಲ. ಅದು ನೋವುಣ್ಣುವ ಪಂಚೇಂದ್ರಿಯ ಜೀವಿ. ‘ಕೇವಲ ಅಂಡ’ ಎಂಬ ಮಾತು ಅವಳನ್ನು ಮರೆಮಾಡುವ ಹಿಟ್ಟಿನ ಕೋಳಿ.

ಸವಣೂರು, ಪುತ್ತೂರು, ಸುಳ್ಯದ ತುಳು ಸೀಮೆ ಹಂದಿಯನ್ನು ಪಂಜುರ್ಲಿಯೆಂದು ನಂಬಿದ ನಾಡು. ಬೆಳೆ ತಿನ್ನುವ ಪ್ರಾಣಿಯ ಮುಂದೆಯೂ ಲೆಕ್ಕ ಒಪ್ಪಿಸಬೇಕೆಂಬ ವಿವೇಕ ಆ ನಂಬಿಕೆಯಲ್ಲಿದೆ. ಸವಣೂರೆಂದಾಗ ಸಾಹಿತ್ಯದ ವಿದ್ಯಾರ್ಥಿಗೆ ಶ್ರಮಣದ ತದ್ಭವವಾದ ‘ಸವಣ’ ನೆನಪಾಗುವುದೂ ಸಹಜ. ಆ ಪದದ ಪರಂಪರೆಯನ್ನು ಓದುವವರು ಪ್ರಯೋಗವನ್ನು ಶಪಿಸಬೇಕಿಲ್ಲ, ಪುರಾತನವೆಂದು ಹೊಗಳಬೇಕಿಲ್ಲ. ಪ್ರತಿ ಯಶಸ್ಸಿನ ವರದಿಯಲ್ಲೂ ತಾಯಿಹಂದಿಗಳ ಎಣಿಕೆ ಎಲ್ಲಿ ಎಂದು ಕೇಳಬೇಕು.