ಕೂಡಿ ಆಡುವ ಗದ್ದಲ
ವೀಡಿಯೋ ಆಟವೆಂದೊಡನೆ ತಾಯ್ತಂದೆಗಳು ಹುಬ್ಬು ಗಂಟಿಕ್ಕುವುದುಂಟು. ಆದರೆ ಗಾಳಿಬೀಡಿನ ಕಕ್ಕಡದ ಮಳೆಯಲ್ಲಿ ಅಂಗಳಕ್ಕಿಳಿಯಲಾರದ ಹೆಣ್ಣುಮಕ್ಕಳಿಗೆ ಜಪಾನಿನವರು ರಚಿಸಿದ ‘ಪಿಕೋ ಪಾರ್ಕ್’ ಒಳ್ಳೆಯ ಜೊತೆಯೆಂದೇ ನಮ್ಮ ಮತ. 2021ರಲ್ಲಿ ಹೊಸ ರೂಪದಿಂದ ಹೊರಬಂದ ಈ ಆಟವನ್ನು ಇಬ್ಬರಿಂದ ಎಂಟು ಮಂದಿಯವರೆಗೆ ಕೂಡಿ ಆಡತಕ್ಕದ್ದು. ತೆರೆಯ ಮೇಲಿನ ಗೊಂಬೆಗಳು ಒಂದರ ತಲೆಯ ಮೇಲೊಂದು ನಿಂತು ಮೇಲೇರಿ, ಕೀಲಿಕೈ ತಂದು ಬಾಗಿಲು ತೆರೆಯಬೇಕು. ಅವಸರಗಾತಿಯೊಬ್ಬಳು ತಪ್ಪಿ ನೆಗೆದಳೆಂದರೆ ಕೂಗಾಟ, ನಗೆ, ಮತ್ತೆ ಮೊದಲಿನಿಂದ! ಬಾಗಿಲು ತೆರೆದರೂ ಸಾಲದು. ಮೆಟ್ಟಿಲಾಗಿ ಕೆಳಗೆ ನಿಂತವಳೂ ಬಂದು ಸೇರುವವರೆಗೆ ಹಂತ ಮುಗಿಯದು. ತಮ್ಮಂದಿರ ಓದಿಗಾಗಿ ಅಕ್ಕಂದಿರನ್ನು ಮೆಟ್ಟಿಲು ಮಾಡಿ ಅಲ್ಲಿಯೇ ಮರೆತ ಮನೆಗಳನ್ನು ನಾವು ಬಲ್ಲೆವು. ಆದುದರಿಂದ ಪಾಠ ಮುಗಿದ ಬಳಿಕ ಒಂದು ಗಳಿಗೆ ಈ ಗದ್ದಲಕ್ಕೆ ಅನುಮತಿಯಿರಲಿ. ತಮ್ಮಂದಿರನ್ನೂ ಕರೆದು ಕೂರಿಸಿರಿ, ಕೆಳಗೆ ನಿಲ್ಲುವ ಸರದಿ ಅವರಿಗೂ ಬರಲಿ.