ಟ್ಯಾಂಕಿನ ಪಕ್ಕ ಒಂದು ಎಸ್‌ಟಿಡಿ ಬೂತ್ ಇರಲಿ

ಮಡಿಕೇರಿಯ ಸನ್ನಿಸೈಡ್‌ಗೆ ಬಂದವರೆಲ್ಲ ಯುದ್ಧ ಟ್ಯಾಂಕಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಜನರಲ್ ತಿಮ್ಮಯ್ಯನವರ ಆ ಮನೆ ಎಷ್ಟೋ ಕಾಲ ಆರ್‌ಟಿಒ ಕಚೇರಿಯಾಗಿತ್ತು. 2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಆಗಿ ತೆರೆದರು. ಒಳಗೆ ಯುದ್ಧದ ಸಾಮಾನು ಬೇಕಾದಷ್ಟಿದೆ. ಯುದ್ಧಕ್ಕೆ ಹೋದವನ ದನಿ ಊರು ತಲುಪುತ್ತಿದ್ದ ಸಾಮಾನು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ನಾನು ಸೈನಿಕನ ಹೆಂಡತಿ. ಗಂಡ ಕಾಶ್ಮೀರದಲ್ಲಿದ್ದಾಗ ನಮ್ಮ ಮನೆಗೆ ಫೋನ್ ಇರಲಿಲ್ಲ. ನಾಪೋಕ್ಲುವಿನ ಒಂದು ಅಂಗಡಿಯ ಪಿ.ಪಿ. ನಂಬರ್, ಅಂದರೆ ನಮ್ಮನ್ನು ಕರೆಸಿ ಮಾತಾಡಿಸುವ ನಂಬರ್, ಕೊಟ್ಟಿದ್ದೆವು. ಪುತ್ತರಿ ಹಬ್ಬ ಹತ್ತಿರ ಬಂದರೆ ಅಲ್ಲಿನ ಎಸ್‌ಟಿಡಿ ಬೂತಿನ ಹಳದಿ ಬೋರ್ಡಿನ ಕೆಳಗೆ ಹೆಂಗಸರ ಸಾಲು. ಗಾಜಿನ ಗೂಡಿನೊಳಗೆ ಸೆಕೆ, ಬೆವರು. ಮೀಟರಿನಲ್ಲಿ ಕೆಂಪು ಅಂಕಿಗಳು ಓಡುತ್ತಿದ್ದವು. ಮಾತಾಡುವವಳ ಕಣ್ಣು ಅಲ್ಲೇ. ಕೆಲವರಂತೂ ರಾತ್ರಿ ಕಾಲು ದರ ಶುರುವಾಗುವ ತನಕ ಕಾದು ಕೂರುತ್ತಿದ್ದರು. ಹೊರಗೆ ಗೂಟಕ್ಕೆ ನೇತುಹಾಕಿದ ನಾಣ್ಯದ ಫೋನಿನ ಕೆಂಪು ಪೆಟ್ಟಿಗೆಗೆ ಒಂದು ರೂಪಾಯಿ ಹಾಕಿ ಮಡಿಕೇರಿ ಮಾರ್ಕೆಟಿನ ಕಾಫಿ ರೇಟು ವಿಚಾರಿಸುವವರು ಬೇರೆ. ಗುಟ್ಟು ಅಂತ ಏನೂ ಉಳಿಯುತ್ತಿರಲಿಲ್ಲ; ಯಾರ ಗಂಡನಿಗೆ ರಜೆ ಸಿಕ್ಕಿತು, ಯಾರಿಗೆ ಇಲ್ಲ, ಬೂತಿನ ಹುಡುಗನಿಗೆ ಮೊದಲು ಗೊತ್ತು.

ನಮ್ಮ ಬೂತಿಗೆ ಇಲ್ಲದ ಮರ್ಯಾದೆ ಲಂಡನ್ನಿನ ಕೆಂಪು ಫೋನ್ ಪೆಟ್ಟಿಗೆಗಿದೆ; ಅದರ ನಕಲು ಕಂಡಲ್ಲೆಲ್ಲ ನಮ್ಮ ಮಕ್ಕಳು ಸೆಲ್ಫಿಗೆ ನಿಲ್ಲುತ್ತಾರೆ. ಗೈಲ್ಸ್ ಗಿಲ್ಬರ್ಟ್ ಸ್ಕಾಟ್ 1935ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿಹಬ್ಬಕ್ಕೆಂದು ರೂಪಿಸಿದ ಕೆ6 ಮಾದರಿ ಅದು. ಬಳಕೆ ತಪ್ಪಿದ ಪೆಟ್ಟಿಗೆಗಳನ್ನು ಬ್ರಿಟಿಷ್ ಟೆಲಿಕಾಂ ಊರಿನವರಿಗೇ ಒಂದು ಪೌಂಡಿಗೆ ಕೊಡುತ್ತದೆ. ಅವರು ಅದರಲ್ಲಿ ಪುಸ್ತಕ ಇಡುತ್ತಾರೆ, ನಿಂತ ಹೃದಯವನ್ನು ಮತ್ತೆ ಬಡಿಯುವಂತೆ ಮಾಡುವ ಯಂತ್ರ ಇಡುತ್ತಾರೆ. ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು: ಮೊಬೈಲ್ ಸಿಗ್ನಲ್ ಸಿಗದ ಕಡೆ, ಅಪಘಾತ ಹೆಚ್ಚಿರುವ ಕಡೆ ಸುಮಾರು 5,000 ಬೂತುಗಳನ್ನು ಕೀಳಬಾರದೆಂದು ಅಲ್ಲಿನ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2022ರಲ್ಲಿ ತೀರ್ಮಾನಿಸಿತು.

ಸಿಗ್ನಲ್ ಸಿಗದ ಜಾಗ ನಮ್ಮಲ್ಲಿ ಕಡಿಮೆಯೇ? 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಕರೆಂಟು ಹೋಯಿತು, ಹಿಂದೆಯೇ ಮೊಬೈಲೂ ಸತ್ತಿತು. ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುವುದರಿಂದ ಮನೆಯ ಕರೆಂಟಿನ ಹಂಗಿಲ್ಲ. ಮರ ಬಿದ್ದರೆ ತಂತಿಯೂ ಕಡಿಯುತ್ತದೆ, ಒಪ್ಪುತ್ತೇನೆ. ಆದರೂ ಎರಡು ದಾರಿ ಇರುವ ಊರಿಗೂ ಒಂದೇ ದಾರಿಯ ಊರಿಗೂ ವ್ಯತ್ಯಾಸವಿದೆ.

ಹಾಗಾಗಿ ಸನ್ನಿಸೈಡ್ ಅಂಗಳದಲ್ಲಿ ಟ್ಯಾಂಕಿನ ಪಕ್ಕ ಒಂದು ಹಳದಿ ಬೋರ್ಡಿನ ಬೂತ್ ಬೇಕು. ಗಾಜಿನೊಳಗೆ ಧೂಳು ತಿನ್ನುವ ಬೊಂಬೆಯಾಗಿ ಅಲ್ಲ. ಮಡಿಕೇರಿಯ 08272 ಕೋಡಿನ ನಿಜವಾದ ನಂಬರ್ ಇರಬೇಕು, ನಾಣ್ಯ ಹಾಕಿದರೆ ರಿಂಗ್ ಆಗಬೇಕು. ಬಿಎಸ್‌ಎನ್‌ಎಲ್ ಮತ್ತು ಜಿಲ್ಲಾಡಳಿತ ಒಂದು ದಿನ ಕುಳಿತು ಮಾತಾಡಿದರೆ ಮುಗಿಯುವ ಕೆಲಸ. ನಾಣ್ಯದ ಆ ಕೆಂಪು ಪೆಟ್ಟಿಗೆ ಈಗ ಎಲ್ಲಿ ಸಿಗುತ್ತದೆ ಎನ್ನುವವರು ನಾಪೋಕ್ಲು, ವಿರಾಜಪೇಟೆಯ ಹಳೆ ಅಂಗಡಿಗಳ ಅಟ್ಟ ಹತ್ತಿ ನೋಡಲಿ. ತಡಮಾಡಬಾರದು ಅಷ್ಟೇ, ಗುಜರಿಯವನು ಆಗಲೇ ಒಂದು ಸುತ್ತು ಬಂದು ಹೋಗಿದ್ದಾನೆ.