ಹಳೇ ಮಿಯಾಟಾಗೆ ಹೊಸ ಬುಷ್: ರಬ್ಬರೋ, ಪಾಲಿಯೋ?

'ಬುಷ್ ಹೋಗಿದೆ ಸಾರ್.' ಬೆಂಗಳೂರಿನ ಗುಂಡಿಗಳಲ್ಲಿ ಕಾರು ಓಡಿಸುವ ಯಾರಿಗೂ ಈ ಮಾತು ಹೊಸದಲ್ಲ. ಹೋಗಿರೋದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ವಸ್ತು. ಹೊರಗೊಂದು ಕಬ್ಬಿಣದ ಕೊಳವೆ, ಒಳಗೊಂದು, ಮಧ್ಯೆ ರಬ್ಬರ್. ಚಕ್ರ ಹಿಡಿದಿರುವ ಆರ್ಮ್‌ಗಳು ಕಾರಿನ ಒಡಲಿಗೆ ಸೇರುವ ಕಡೆಯೆಲ್ಲ ಇದು ಕೂತಿರುತ್ತೆ.

ನಾವಿರೋದು ಅಮೆರಿಕದ ಒಹಾಯೊದಲ್ಲಿ. ನಮ್ಮ ಹತ್ತಿರ 1995ರ ಮಾಜ್ದಾ ಮಿಯಾಟಾ ಇದೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಕಾರು. ಎರಡೇ ಸೀಟು, ಎಂಜಿನ್ ಮುಂದೆ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ನನ್ನ ಹೆಂಡತಿ ರಾತ್ರಿ ಪಾಳಿ ಮುಗಿಸಿ ಇದರಲ್ಲೇ ಮನೆಗೆ ಬರ್ತಾಳೆ. 'ಮಳೆಯಲ್ಲಿ ತಿರುವಿನ ಮಧ್ಯೆ ಆಕ್ಸಿಲರೇಟರ್ ಬಿಟ್ರೆ ಹಿಂದ್ಗಡೆ ಯಾರೋ ಸೊಂಟ ತಿರುಗಿಸಿದ ಹಾಗಾಗುತ್ತೆ ಕಣ್ರೀ' ಅಂದಳು. ಹೆದ್ದಾರಿಯಿಂದ ಇಳಿಯುವ ಸುತ್ತು ರಸ್ತೆಯಲ್ಲಿ ಹಾಗಾಗೋದು ತಮಾಷೆಯಲ್ಲ. ಟೈರು ಹೊಸದೇ ಇತ್ತು. ಕಾರನ್ನು ಮೇಲೆತ್ತಿ ಕೆಳಗಿನ ಆರ್ಮ್‌ಗೆ ಸಲಾಕೆ ಕೊಟ್ಟು ಮೀಟಿದಾಗ ಗೊತ್ತಾಯ್ತು: ರಬ್ಬರ್ ಸೀಳಿ, ಒಳ ಕೊಳವೆ ಅಲ್ಲಾಡ್ತಿತ್ತು.

ಹೀಗಾದರೆ ಚಕ್ರದ ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಓಡುವಾಗಲೇ ಬದಲಾಗ್ತಾ ಇರುತ್ತೆ. ಹಿಂದಿನ ಚಕ್ರ ತಾನೇ ಸ್ಟಿಯರಿಂಗ್ ತಿರುಗಿಸಿದ ಹಾಗೆ. ಒದ್ದೆ ರಸ್ತೆಗೆ ಅಷ್ಟೇ ಸಾಕು.

ಇನ್ನು ಏನು ಹಾಕೋದು ಅನ್ನೋ ಪ್ರಶ್ನೆ. ರಜೆಯಲ್ಲಿ ರೇಸ್ ಟ್ರ್ಯಾಕ್‌ಗೆ ಹೋಗುವ ಗೆಳೆಯನೊಬ್ಬನ ಸಲಹೆ ಸಿದ್ಧವಾಗೇ ಇತ್ತು: 'ಪಾಲಿಯುರೆಥೇನ್ ಹಾಕ್ಸು ಗುರು, ಹಳಿ ಮೇಲೆ ಓಡಿದ ಹಾಗೆ ಓಡುತ್ತೆ.' ಅವನ ಮಟ್ಟಿಗೆ ಅದು ನಿಜ. ಪಾಲಿ ಗಟ್ಟಿ, ಕಡಿಮೆ ಬಾಗುತ್ತೆ, ಸ್ಟಿಯರಿಂಗ್‌ಗೆ ಕಾರು ಚುರುಕಾಗಿ ಉತ್ತರ ಕೊಡುತ್ತೆ. ಆದರೆ ರಸ್ತೆಯ ಸದ್ದು, ನಡುಕ ಎಲ್ಲ ಸೀಟಿಗೇ ಬರುತ್ತೆ. ಗ್ರೀಸ್ ಒಣಗಿದರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತೆ.

ರಬ್ಬರ್ ಬಾಗೋದು ದೌರ್ಬಲ್ಯ ಅಂತ ತಿಳಿಯೋದೂ ಸರಿಯಲ್ಲ. 1977ರಲ್ಲಿ ಬಂದ ಪೋರ್ಷೆ 928ರ ಹಿಂದಿನ ಆಕ್ಸಲ್ ನೋಡಿ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಚಕ್ರ ಹೊರಕ್ಕೆ ತಿರುಗದೆ ಸ್ವಲ್ಪ ಒಳಕ್ಕೇ ತಿರುಗುವ ಹಾಗೆ ಎಂಜಿನಿಯರ್‌ಗಳು ಆ ಬಾಗುವಿಕೆಯನ್ನೇ ಲೆಕ್ಕ ಹಾಕಿ ಬಳಸಿಕೊಂಡರು. ಅಂಥ ಕಾರಿಗೆ ಕಣ್ಣುಮುಚ್ಚಿ ಗಟ್ಟಿ ಬುಷ್ ತುರುಕಿದರೆ ಅವರ ಲೆಕ್ಕವನ್ನೇ ಅಳಿಸಿದ ಹಾಗೆ.

ನಾನು ಆರಿಸಿದ್ದು ಮೂಲದ್ದಕ್ಕಿಂತ ತುಸು ಗಟ್ಟಿಯಾದ ರಬ್ಬರ್ ಬುಷ್. ಗೆಳೆಯ ನಕ್ಕ. ನಗಲಿ, ರಾತ್ರಿ ಎರಡು ಗಂಟೆಗೆ ಆ ಕಾರು ಓಡಿಸೋದು ಅವನಲ್ಲವಲ್ಲ.

ಬುಷ್‌ಗಿಂತ ಬೋಲ್ಟ್‌ಗಳೇ ಹೆಚ್ಚು ಸತಾಯಿಸಿದವು. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಉಪ್ಪು ಸುರೀತಾರೆ. ಕೆಳಗಿನ ಆರ್ಮ್‌ನ ಹೊರತುದಿಯ ಉದ್ದನೆ ಬೋಲ್ಟ್ ತುಕ್ಕು ಹಿಡಿದು ಕೊಳವೆಗೇ ಅಂಟಿಕೊಂಡಿತ್ತು. ಮೂರು ದಿನ ಎಣ್ಣೆ ಕುಡಿಸಿ, ಬಿಸಿ ಮಾಡಿ, ಕೊನೆಗೆ ಒಂದನ್ನು ಕತ್ತರಿಸಲೇ ಬೇಕಾಯ್ತು. ಹಳೇ ಕಾರಿನವರು ಹೊಸ ಬೋಲ್ಟ್ ಮೊದಲೇ ತರಿಸಿಟ್ಟುಕೊಳ್ಳಿ.

ಒಂದು ವಿಷಯವನ್ನಂತೂ ಮೆಕ್ಯಾನಿಕ್‌ಗೆ ಬಾಯಿಬಿಟ್ಟು ಹೇಳಿ, ನಿಮ್ಮದು ಸ್ವಿಫ್ಟ್ ಆದರೂ ಸರಿ. ಕಾರು ಗಾಳಿಯಲ್ಲಿ, ಚಕ್ರ ಜೋತುಬಿದ್ದಿರುವಾಗ ರಬ್ಬರ್ ಬುಷ್‌ನ ಬೋಲ್ಟ್ ಪೂರ್ತಿ ಬಿಗಿ ಮಾಡಬಾರದು. ಬೋಲ್ಟ್ ಬಿಗಿಯಾದರೆ ಒಳ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವಾಗ ಕೊಳವೆ ತಿರುಗಲ್ಲ, ರಬ್ಬರ್ರೇ ತಿರುಚಿಕೊಳ್ಳಬೇಕು. ಜೋತಾಡುವಾಗ ಬಿಗಿ ಮಾಡಿದ್ದರೆ ಕಾರು ಸುಮ್ಮನೆ ನಿಂತಾಗಲೂ ರಬ್ಬರ್ ತಿರುಚಿಕೊಂಡೇ ಇರುತ್ತೆ, ಬೇಗ ಸೀಳುತ್ತೆ. ಹಾಗಾಗಿ ಕಾರಿನ ಭಾರ ಚಕ್ರಗಳ ಮೇಲೆ ಬಿದ್ದಮೇಲೇ ಕೊನೆಯ ಬಿಗಿ.

ಕೆಲಸ ಮುಗಿದ ಮೇಲೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಮಾಡಿಸಿದ್ವಿ. ಮಿಯಾಟಾದ ಹಿಂದಿನ ಚಕ್ರಕ್ಕೂ ಹೊಂದಾಣಿಕೆ ಇದೆ, ಮುಂದಿನದಷ್ಟೇ ನೋಡಿ ಕಳಿಸಿದರೆ ಒಪ್ಪಬೇಡಿ. ಮಾರನೇ ವಾರ ಮಳೆ ಬಂತು. ಹೆಂಡತಿ ಆ ಸುತ್ತು ರಸ್ತೆ ಇಳಿದು ಬಂದು, ಕಾರಿನ ಸುದ್ದಿಯನ್ನೇ ಎತ್ತದೆ, ಅನ್ನ ಇದೆಯಾ ಅಂತ ಕೇಳಿದಳು. ಮುಂದಿನ ಚಕ್ರಗಳ ಬುಷ್ ಇನ್ನೂ ಹಳೆಯವೇ. ಅದು ಬರುವ ಬೇಸಿಗೆಗೆ.